ಸಂಚಿ ಚನ್ನವೀರಪ್ಪ

ನರಸಿಂಹರಾಜಪುರದ ಪೇಟೆಯಲ್ಲಿ ಎಲೆಅಡಿಕೆ ಸಂಚಿ ಹೊಲಿಯುವ ಚನ್ನವೀರಪ್ಪನಿಗೆ ಹೊಲಿದದ್ದನ್ನೇ ಮತ್ತೆ ಹೊಲಿಯುವುದೆಂದರೆ ಆಗದು. ಒಂದು ವರ್ಷ ಬಾಯಿಗೆ ದಾರ, ಮರುವರ್ಷ ಹಿತ್ತಾಳೆ ಗುಂಡಿ, ಯುದ್ಧ ಬಂದು ಹಿತ್ತಾಳೆ ಸಿಗದಾದಾಗ ತೆಂಗಿನ ಚಿಪ್ಪಿನ ಗುಂಡಿ. ಹೊಸದು ಮುಗಿದ ಕೂಡಲೇ ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಂಗಸರ ಹಾಗೆ ಪೇಟೆಯುದ್ದಕ್ಕೂ ನಡೆದು ನೋಡುತ್ತಾನೆ. "ಸೀರೆ ಯಾವಾಗ ಉಡ್ತೀಯ ಮಾರಾಯ?" ಎಂದರೆ, "ಸಂಚಿ ಸರಿ ಕೂರ್ಲಿ, ಅದನ್ನೂ ಉಡ್ತೀನಿ" ಎನ್ನುತ್ತಾನೆ. ಅದೇ ಪೇಟೆಯ ಶಂಕರಮ್ಮ ಗಂಡ ಸತ್ತ ಮೇಲೆ ಎಲೆಅಡಿಕೆ ಬಿಟ್ಟಳು, ಸಂಚಿಯನ್ನೂ ಬಿಟ್ಟಳು. ಶುಭಕ್ಕೆ ಹೊರಟವರು ತನ್ನನ್ನು ಕಂಡು ಹಿಂದೆ ಸರಿಯುವುದನ್ನು ತಾಳಲಾರದೆ ಸಂತೆಯನ್ನೂ ಬಿಟ್ಟಳು. ಆಗ ಈ ಪುಣ್ಯಾತ್ಮ ಸಂಚಿಯೊಳಗಿನ ಎಲೆಯ ಅರೆ, ಸುಣ್ಣದ ಅರೆ ಎಲ್ಲ ತೆಗೆದು, ಒಂದೇ ಅಗಲವಾದ ಹೊಟ್ಟೆ ಬಿಟ್ಟು, ಮೇಲೊಂದು ಹಿಡಿ ಹೊಲಿದು ಅವಳ ಮನೆಗೇ ತಂದ. "ಇದು ಸಂಚಿ ಅಲ್ಲ ಶಂಕರಕ್ಕ, ಕೈಚೀಲ. ಸಂತೆಗೆ ಹಿಡ್ಕೊಂಡು ಹೋಗು. ನಾಲ್ಕು ಜನ ನೋಡ್ಲಿ." ಅವಳು ಹೋದಳು. ಜನ ಚೀಲ ನೋಡಿದರು. ಈಗ ಮದುವೆ ಜವಳಿಗೆ ಬಂದವರೂ ಅಂಥದ್ದೇ ಬೇಕೆನ್ನುತ್ತಾರೆ. "ಅದಕ್ಕೊಂದು ಹೆಸರಿದೆ. ಹೆಸರು ಹಿಡಿದು ಕೇಳಿದ್ರೆ ಹೊಲೀತೀನಿ" ಎನ್ನುತ್ತಾನೆ ಚನ್ನವೀರಪ್ಪ. ಹಸಿರು ಬಳೆ ತೊಟ್ಟ ಮದುಮಗಳು ಅಂಗಡಿಯ ಮುಂದೆ ನಿಂತು, ಪೇಟೆಗೆಲ್ಲ ಕೇಳುವಂತೆ, "ಶಂಕರಮ್ಮನ ಚೀಲ ಕೊಡಿ" ಎನ್ನುತ್ತಾಳೆ.