ಕೂಲರ್ ನೌಕೆ ಮತ್ತು ಕುಂಬಳಕಾಯಿ

ಸಿನಿಮಾದವರಿಗೆ ಸಾಮಾನು ಕೊಡುವವರು ನನ್ನ ಮಾತು ಕೇಳಿ: ಅವರು ಕುಂಬಳಕಾಯಿ ಒಡೆದರೆ, ಯಾಕೆ ಒಡೆದರು ಎಂದು ಮೊದಲು ವಿಚಾರಿಸಿ.

ನಾನು ಹೈದರಾಬಾದಿನಲ್ಲಿ ಹಳೆಯ ಕೂಲರ್, ವಾಷಿಂಗ್ ಮಷೀನ್ ಕೊಂಡು ಮಾರುವವನು. ಬೀದರ ಕಡೆಯ ನಿರ್ದೇಶಕರೊಬ್ಬರು ಕಡಿಮೆ ಖರ್ಚಿನಲ್ಲಿ ಅಂತರಿಕ್ಷದ ಹೊಡೆದಾಟದ ಸಿನಿಮಾ ತೆಗೆಯುತ್ತಿದ್ದರು. ಅಲ್ಲೇ ಮಣಿಕೊಂಡದ ಒಂದು ಶೆಡ್ಡಿನಲ್ಲಿ ಅವರಿಗೊಂದು ಅಂತರಿಕ್ಷ ನೌಕೆ ನಿಲ್ಲಿಸಿಕೊಟ್ಟೆ. ಗೋಡೆಗೆ ಮೊಟ್ಟೆಯ ಟ್ರೇ, ಕಿಟಕಿಗೆ ವಾಷಿಂಗ್ ಮಷೀನಿನ ಗಾಜಿನ ಬಾಗಿಲು, ನಾಯಕನ ಎದುರಿಗೆ ನೌಕೆ ನಡೆಸುವ ಯಂತ್ರವೆಂದು ಬೆಳ್ಳಿ ಬಣ್ಣ ಬಳಿದ ದೊಡ್ಡ ಕೂಲರ್. ಮುಗಿದ ಮೇಲೆ ಸಾಮಾನೆಲ್ಲ ನನಗೇ ವಾಪಸ್ ಎಂದು ಚೌಕಾಸಿ ಮಾಡಿ ಒಪ್ಪಿಸಿದ್ದೆ.

ಆದರೆ ಮುಗಿದದ್ದು ತಿಳಿಯುವುದು ಹೇಗೆ? ಬೆಳಿಗ್ಗೆ ಸತ್ತ ಖಳನಾಯಕ ಊಟವಾದ ಮೇಲೆ ಎದ್ದು ಹೊಡೆದಾಡುತ್ತಿದ್ದ. ಕೈಯಲ್ಲಿ ಬರೀ ಪೈಪು. "ಬೆಂಕಿ ಆಮ್ಯಾಲೆ ಕಂಪ್ಯೂಟರಿನಾಗ ಹಾಕ್ತೀವ್ರಿ" ಎನ್ನುತ್ತಿದ್ದರು ನಿರ್ದೇಶಕರು. ನನಗೆ ಗೊತ್ತಿದ್ದ ಗುರುತು ಒಂದೇ: ಶೂಟಿಂಗ್ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ.

ಒಂದು ಮಧ್ಯಾಹ್ನ ಒಡೆದರು. ಕೈಮುಗಿದು, ಅವರೆಲ್ಲ ಹೊರಟುಹೋದ ಮೇಲೆ ನೌಕೆ ಬಿಚ್ಚಿ ಗಾಡಿಗೇರಿಸಿದೆ. ಬೇಸಿಗೆಯಲ್ಲವೇ, ಕೂಲರ್ ಸಂಜೆಗೇ ಲಿಂಗಂಪಲ್ಲಿಯ ಒಂದು ಖಾನಾವಳಿಗೆ ಮಾರಿಹೋಯಿತು.

ಮರುದಿನ ಬೆಳಿಗ್ಗೆ ನಿರ್ದೇಶಕರ ಫೋನು. "ಸಾವ್ಕಾರ್ರ, ನಮ್ಮ ನೌಕೆ ಎಲ್ಲೈತ್ರಿ?"

"ನಿನ್ನೆ ಕುಂಬಳಕಾಯಿ ಒಡದ್ರಲ್ರಿ?"

"ಅದು ದೃಷ್ಟಿ ತಗ್ಯಾಕರಿ. ಫೈಟಿನಾಗ ಒಬ್ಬರಿಗೆ ಪೆಟ್ಟಾಗಿತ್ತು. ಹೀರೋ ಭೂಮಿಗೆ ವಾಪಸ್ ಬರೋದು ಇನ್ನೂ ಬಾಕಿ ಐತಿ. ಹೀರೋ ಇವತ್ತೊಂದ ದಿನ ಸಿಗ್ತಾರ. ಇದಾಗಲಿಲ್ಲಂದ್ರ ಸಿನಿಮಾನ ಇಲ್ಲ."

ಅದೇ ಕಾಯಿ, ಅದೇ ಕುಂಕುಮ, ಅದೇ ಕರ್ಪೂರ. ನೋಡಿದವನಿಗೆ ಎರಡರ ಫರಕು ಹೇಗೆ ತಿಳಿಯಬೇಕೋ, ನನಗಿನ್ನೂ ಬಗೆಹರಿದಿಲ್ಲ.

ಬೇರೆ ಕೂಲರ್ ನಡೆಯುವಂತಿರಲಿಲ್ಲ. ಹಿಂದಿನ ದೃಶ್ಯಗಳಲ್ಲಿ ಕಂಡದ್ದೇ ಮತ್ತೆ ಕಾಣಬೇಕು. ಖಾನಾವಳಿಗೆ ಓಡಿದೆ. ಅದನ್ನಾಗಲೇ ಕಿಟಕಿಗೆ ಕೂರಿಸಿಬಿಟ್ಟಿದ್ದರು. ಖಾನಾವಳಿ ನಡೆಸುವ ಕಲಬುರಗಿಯ ಅಕ್ಕ ಸಂಗತಿಯೆಲ್ಲ ಕೇಳಿ ಕೈ ಅಡ್ಡ ಹಿಡಿದರು. "ಊಟದ ಹೊತ್ತಿನಾಗ ಬಿಚ್ಚಿದ್ರ ಮಂದಿ ಎದ್ದು ಹೋಗ್ತಾರ. ಬೇಕಾದ್ರ ನಿಮ್ಮ ಹೀರೋನ್ನ ಇಲ್ಲಿಗೇ ಕರ್ಕೊಂಡು ಬರ್ರಿ, ಎರಡು ರೊಟ್ಟಿ ತಿಂದು ಹಾರ್ಲಿ."

ಅಣಕಿಸಿಯೇ ಅಂದದ್ದು. ಆದರೂ ಸರಕು ಅಲುಗದಿದ್ದರೆ ಗಿರಾಕಿಯನ್ನೇ ಕರೆತರಬೇಕು. ವ್ಯಾಪಾರದಲ್ಲಿ ಇದನ್ನು ಮರೆಯಬೇಡಿ. ನಿರ್ದೇಶಕರಿಗೆ ಅಲ್ಲಿಗೇ ಬರಹೇಳಿ, ಗಾಡಿಯಲ್ಲಿದ್ದ ಟ್ರೇ, ಗಾಜಿನ ಬಾಗಿಲುಗಳನ್ನು ಆ ಕಿಟಕಿಯ ಸುತ್ತ ಕಟ್ಟಿದೆ. ಬೆಳ್ಳಿ ಅಂಗಿಯ ನಾಯಕ ಖಾನಾವಳಿಯ ಕುರ್ಚಿಯಲ್ಲಿ ಕುಳಿತು ಭೂಮಿಯತ್ತ ಹೊರಟ. ಕೂಲರ್ ಆರಿಸಲು ಅಕ್ಕ ಬಿಡಲಿಲ್ಲ. ಅವನ ಕೂದಲು ಹಾರತೊಡಗಿತು. ನಿರ್ದೇಶಕರು, "ಭಾಳ ಛಲೋ ಬಂತ್ರಿ, ಅದು ಹಂಗ ಇರ್ಲಿ" ಅಂದರು. ರೊಟ್ಟಿ ಅಗಿಯುತ್ತಿದ್ದವರೆಲ್ಲ ಕ್ಯಾಮೆರಾಕ್ಕೆ ಅಡ್ಡ ಬರದಂತೆ ಕುರ್ಚಿ ಸರಿಸಿಕೊಂಡರು. ಅಕ್ಕ ಮಾತ್ರ ಕೊಡ ಹಿಡಿದು ನಾಯಕನ ಪಕ್ಕಕ್ಕೆ ಬಂದು, "ಸ್ವಲ್ಪ ಸರೀರಿ ತಮ್ಮಾ, ಇದಕ್ಕ ನೀರ ಹಾಕಬೇಕು" ಅಂದರು. ಆ ದೃಶ್ಯ ಮತ್ತೊಮ್ಮೆ ತೆಗೆಯಬೇಕಾಯಿತು.

ಹೊತ್ತು ಮುಳುಗುವ ಮೊದಲೇ ಕೆಲಸವಾಯಿತು. ಬಾಗಿಲಲ್ಲಿ ಮತ್ತೊಂದು ಕುಂಬಳಕಾಯಿ ಒಡೆದರು. ನಾನು ನಟ್ಟು ಬಿಚ್ಚುವ ಪಾನಾ ಕೈಯಲ್ಲೇ ಹಿಡಿದು ಕೇಳಿದೆ: "ಇದು ಯಾವುದ್ರಿ? ದೃಷ್ಟಿದೋ, ಮುಗದದ್ದೋ?"

ನಿರ್ದೇಶಕರು ಬೆವರು ಒರೆಸಿಕೊಂಡು, "ಎರಡೂ ಅನ್ಕೋರಿ" ಅಂದರು.

ಅವರ ಗಾಡಿ ರಸ್ತೆಯ ತಿರುವು ದಾಟುವವರೆಗೂ ನಾನು ಒಂದು ಟ್ರೇಯನ್ನೂ ಮುಟ್ಟಲಿಲ್ಲ.