ದೆವ್ವ ಹೇಳಿದ ಹೆಸರು

ನಮ್ಮ ಮನೆಯವರಲ್ಲಿ ದೆವ್ವದ ಪಿಚ್ಚರ್ ನೋಡುವ ಗುಂಡಿಗೆ ಇರುವುದು ಇಬ್ಬರಿಗೇ, ನನಗೆ ಮತ್ತು ಚಿಕ್ಕಮ್ಮನಿಗೆ. ಚಿಕ್ಕಮ್ಮ ಎಂದರೆ ನನ್ನ ಅಮ್ಮನ ಒಬ್ಬಳೇ ತಂಗಿ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿಕೊಂಡು ಒಂಟಿಯಾಗಿಯೇ ಬದುಕು ಸಾಗಿಸಿದವಳು. ಮದುವೆಯಾಗಲಿಲ್ಲ. ದೆವ್ವ ಹಿಡಿದಿದ್ದ ಹುಡುಗಿ ಅನ್ನುವ ಮಾತು ಊರೂರು ತಿರುಗಿದ ಮೇಲೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ?

ಆ ದೆವ್ವದ ಕತೆಯನ್ನು ನಮ್ಮ ನೆಂಟರು ಹಬ್ಬದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತ ಹೇಳುತ್ತಾರೆ. ತನ್ನ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಚಿಕ್ಕಮ್ಮ ಮಾಗಡಿ ಹತ್ತಿರದ ಹಳ್ಳಿಯಲ್ಲಿದ್ದ ಅಕ್ಕನ, ಎಂದರೆ ನನ್ನ ಅಮ್ಮನ, ಮನೆಗೆ ಬಂದಿದ್ದಳಂತೆ. ಒಂದು ದಿನ ಇದ್ದಕ್ಕಿದ್ದಂತೆ ಮಾತು ನಿಂತಿತು. ಊಟ ಬಿಟ್ಟಳು. ದೀಪ ಹಚ್ಚುವ ಹೊತ್ತಾದರೆ ರೇಷ್ಮೆ ಹುಳ ಸಾಕುವ ಮನೆಯ ಮೂಲೆ ಸೇರಿ ಕಿರುಚುತ್ತಿದ್ದಳು. ಗಾಳಿ ಸೋಕಿದೆ ಎಂದು ಮಂತ್ರವಾದಿಯನ್ನು ಕರೆಸಿದರು. ಅವನು ಹುಣಸೆ ಬರಲಿನಿಂದ ಬಾರಿಸಿದ. ಊರ ಬಾವಿಗೆ ಬಿದ್ದು ಸತ್ತಿದ್ದ ಹೆಂಗಸಿನ ಹೆಸರು ಅವಳ ಬಾಯಿಂದ ಬಂತು. ತಲೆಗೂದಲು ಗಂಟು ಹಾಕಿ ಹುಣಸೆ ಮರಕ್ಕೆ ಮೊಳೆ ಹೊಡೆದರು, ದೆವ್ವ ಬಿಟ್ಟಿತು. ಕತೆ ಇಷ್ಟೇ. ಹೇಳುವವರು ದೆವ್ವದ ದನಿ ಮಾಡಿ ತೋರಿಸುತ್ತಾರೆ, ಮಕ್ಕಳು ಕಿಸಕ್ಕೆನ್ನುತ್ತವೆ. ಚಿಕ್ಕಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುವುದನ್ನು ನಾನು ನೋಡಿದ್ದೇನೆ.

ಹೋದ ಚಳಿಗಾಲದಲ್ಲಿ ಬಂದ ಒಂದು ದೆವ್ವದ ಪಿಚ್ಚರಿಗೆ ಅವಳನ್ನು ಕರೆದುಕೊಂಡು ಹೋಗಿದ್ದೂ ಅದಕ್ಕೇ. ನಾನು ಕನಕಪುರದಲ್ಲಿ ಹೈಸ್ಕೂಲು ಟೀಚರು, ಶನಿವಾರ ಅರ್ಧ ದಿನ. ಬಸ್ಸು ಹಿಡಿದು ರಾಮನಗರಕ್ಕೆ ಬಂದು, "ಬಾ ಚಿಕ್ಕಮ್ಮ, ಅನುಭವಸ್ಥರು ಪಕ್ಕದಲ್ಲಿದ್ರೆ ನಂಗೂ ಧೈರ್ಯ" ಎಂದು ಮ್ಯಾಟ್ನಿಗೆ ಹೊರಡಿಸಿದೆ. ನಿಜವಾಗಿ ನಡೆದದ್ದನ್ನು ಆಧರಿಸಿದ್ದು ಎಂದು ಶುರುವಿಗೇ ಪರದೆಯ ಮೇಲೆ ಬಂತು. ಹಿಂದಿನ ಸಾಲಿನಿಂದ ಯಾರೋ, "ಎಲ್ಲಾ ಹಿಂಗೇ ಬುಡ್ತಾರೆ ಕಣ್ಲಾ" ಅಂದ.

ಪಿಚ್ಚರಿನಲ್ಲಿ ಒಬ್ಬ ಅನಾಥ ಹುಡುಗಿ, ಅವಳನ್ನು ಸಾಕಿಕೊಂಡ ಒಬ್ಬ ದೊಡ್ಡ ಮನುಷ್ಯ, ಒಳಗಿನಿಂದ ಚಿಲಕವಿಲ್ಲದ ಒಂದು ಕೋಣೆ. ಕೋಣೆಯೊಳಗೆ ಏನಾಯಿತೆಂದು ತೋರಿಸಲಿಲ್ಲ, ಬಾಗಿಲನ್ನೇ ತುಂಬ ಹೊತ್ತು ತೋರಿಸಿದರು. ಥಿಯೇಟರಿಗೆ ಥಿಯೇಟರೇ ಗಪ್‌ಚಿಪ್. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿಕೊಂಡು ಎದ್ದು ಹೋದಳು. ನಮ್ಮ ಮುಂದಿದ್ದ ದೊಡ್ಡ ಮೀಸೆಯ ಯಜಮಾನರೊಬ್ಬರು ಟವೆಲಿನಿಂದ ಮೂಗು ಒರೆಸಿಕೊಂಡರು. ಹುಡುಗಿ ಸತ್ತು ದೆವ್ವವಾಗಿ ಬಂದಳು ನೋಡಿ, ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಶಿಳ್ಳೆ, ಕೇಕೆ. ಕೊನೆಯಲ್ಲಿ ಆ ದೆವ್ವ ಇನ್ನೊಬ್ಬ ಹುಡುಗಿಯ ಮೈಮೇಲೆ ಬರುತ್ತದೆ. "ಯಾರು ನೀನು? ಯಾರು ಕಾರಣ? ಹೆಸ್ರು ಹೇಳು!" ಎಂದು ಮಂತ್ರವಾದಿ ಬರಲು ಎತ್ತುತ್ತಾನೆ. ಹಿಂದಿನ ಸಾಲಿನವರು ಅವನ ಗಡ್ಡ ನೋಡಿ ನಗುತ್ತಿದ್ದರು. ತಿರುಗಿ ಬಾಯಿಗೆ ಬಂದಂತೆ ಬಯ್ಯಬೇಕೆಂದುಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಮುಂಗೈ ಹಿಡಿದಳು. ಬಿಸಿನೀರಿನಲ್ಲಿ ರೇಷ್ಮೆ ಗೂಡು ಅದ್ದಿ ಅದ್ದಿ ಒರಟಾದ ಆ ಬೆರಳುಗಳು ತಣ್ಣಗಿದ್ದವು. ದೆವ್ವ ಆ ದೊಡ್ಡ ಮನುಷ್ಯನ ಹೆಸರು ಹೇಳಿತು. ಊರೆಲ್ಲ ಅವನ ಕಡೆ ತಿರುಗಿತು. ಥಿಯೇಟರು ಚಪ್ಪಾಳೆಯಲ್ಲಿ ಮುಳುಗಿತು, ನಾನೂ ತಟ್ಟುತ್ತಿದ್ದೆನೇನೋ, ಕೈ ಚಿಕ್ಕಮ್ಮನ ಹಿಡಿತದಲ್ಲಿತ್ತು.

ಹೊರಗೆ ಮೊಬೈಲು, ಮೈಕು ಹಿಡಿದ ಯುವಕನೊಬ್ಬ ಬಂದವರನ್ನೆಲ್ಲ ತಡೆದು ಕೇಳುತ್ತಿದ್ದ. "ಸೂಪರ್ ಬ್ರೋ", "ಎದೆ ಡವಡವ ಅಂತು", "ಫ್ಯಾಮಿಲಿ ಕರ್ಕೊಂಡು ಬರಬ್ಯಾಡಿ". ಮೈಕು ಚಿಕ್ಕಮ್ಮನ ಮುಂದೆಯೂ ಬಂತು. "ಅಮ್ಮಾ, ಹೆಂಗಿತ್ತಮ್ಮಾ ಪಿಚ್ಚರು? ಹೆದ್ರಿಕೆ ಆಯ್ತಾ?"

"ಚೆನ್ನಾಗೈತೆ ಕಣಪ್ಪ," ಅಂದಳು. "ಹೆಸ್ರು ಹೇಳಿದ ತಕ್ಷಣ ಎಲ್ಲಾರೂ ನಂಬ್ಬುಟ್ರಲ್ಲ, ಅದೊಂದು ಸುಳ್ಳು."

ಅವನಿಗೆ ಅರ್ಥವಾಗಲಿಲ್ಲ, ಮೈಕು ಬೇರೆ ಕಡೆ ತಿರುಗಿಸಿದ. ನನಗೂ ಅರ್ಥವಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೇಳಿದೆ. ಚಿಕ್ಕಮ್ಮ ಅಳಲಿಲ್ಲ, ದನಿ ಏರಿಸಲಿಲ್ಲ.

"ಅವತ್ತು ನಂಗೆ ಯಾವ ದೆವ್ವಾನೂ ಹಿಡ್ದಿರ್ಲಿಲ್ಲ ಕಣವ್ವ. ಆ ಮಂತ್ರವಾದಿ ನಿನ್ನ ಹಿಡ್ದಿರೋದು ಯಾರು, ಹೆಸ್ರು ಹೇಳು ಅಂದ. ಯಾರೂ ಅಲ್ಲೀಗಂಟ ನನ್ನ ಏನಂತಾನೂ ಕೇಳಿರ್ಲಿಲ್ಲ. ಕೇಳಿದ್ನಲ್ಲ ಅಂತ ನಿಜ ಹೇಳ್ಬುಟ್ಟೆ. ಹಿಡ್ಕೊಂಡಿದ್ದೋನ ಹೆಸ್ರೇ ಹೇಳ್ದೆ, ಅವನ ಎದುರಿಗೇ. ಅದಕ್ಕೆ ಅವ್ನು, ಬದುಕಿರೋನು ಹೆಂಗೆ ದೆವ್ವ ಆಗ್ತಾನೆ, ಇದು ಸುಳ್ಳು ದೆವ್ವ ಅಂತ ಇನ್ನಷ್ಟು ಹೊಡ್ದ. ಸತ್ತೋರ ಹೆಸ್ರು ಹೇಳೋಗಂಟ ಹೊಡ್ದ."

"ಯಾರ ಹೆಸ್ರು ಹೇಳ್ದೆ?"

"ನಿಮ್ಮಪ್ಪಂದು."

ನನಗೆ ಮೊದಲು ಬಂದ ಸಿಟ್ಟು ಚಿಕ್ಕಮ್ಮನ ಮೇಲೆ. ಸೈಕಲ್ಲಿನ ಮುಂದಿನ ಬಾರಿನ ಮೇಲೆ ಟವೆಲು ಮಡಚಿ ಹಾಸಿ ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದ ಅಪ್ಪ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆಯನ್ನೆಲ್ಲ ನನ್ನ ತಟ್ಟೆಗೆ ದಾಟಿಸುತ್ತಿದ್ದ ಅಪ್ಪ. ತೀರಿಕೊಂಡು ಕೆಲವು ವರ್ಷವಾದರೂ ನನಗೆ ಅವನ ನೆನಪಿಲ್ಲದ ದಿನವಿಲ್ಲ. ಸತ್ತವರ ಮೇಲೆ ಹೇಳುವುದು ಸುಲಭ ಎಂಬ ಮಾತು ಗಂಟಲಿಗೆ ಬಂತು. ಆದರೆ ಇವಳು ಹೇಳಿದ್ದು ಅವನು ಬದುಕಿದ್ದಾಗ, ಅವನ ಎದುರಿಗೇ, ಬರಲಿನ ಏಟು ತಿನ್ನುತ್ತ. ನಂಬಿದೆ. ನಂಬಿದ್ದಕ್ಕೆ ಅಲ್ಲೇ ಕೂತಲ್ಲೇ ಅತ್ತುಬಿಟ್ಟೆ. ಚಿಕ್ಕಮ್ಮ ನನ್ನ ಬೆನ್ನು ಸವರಿದಳು.

"ಬಾವಿಗೆ ಬಿದ್ದೋಳ ಹೆಸ್ರು ನಂಗೆ ಗೊತ್ತೇ ಇರ್ಲಿಲ್ಲ. ಆ ಊರಿಗೆ ಹೊಸಬ್ಳು, ನಂಗೆ ಹೆಂಗೆ ಗೊತ್ತಾಗ್ಬೇಕು? ನನ್ನ ರಟ್ಟೆ ಹಿಡ್ಕೊಂಡಿದ್ದೋಳು ನಿಮ್ಮಮ್ಮ. ನನ್ನ ಕಿವೀಲಿ ಅವಳೇ ಹೇಳಿದ್ಲು, ಈ ಹೆಸ್ರು ಹೇಳ್ಬುಡು, ಬುಟ್ಬುಡ್ತಾರೆ ಅಂತ. ಆಮೇಲೆ ನನ್ನ ರಾಮನಗರಕ್ಕೆ ಕೆಲಸಕ್ಕೆ ಸೇರ್ಸಿದ್ಲು. ಆಗಿನಿಂದ ಒಂದೇ ಯೋಚ್ನೆ ನಂಗೆ. ಅಕ್ಕ ನನ್ನ ನಂಬಿದ್ಲೋ, ಇಲ್ಲ ಏಟು ನೋಡಕಾಗ್ದೆ ಹೇಳಿದ್ಲೋ? ಒಬ್ಬರಾದ್ರೂ ನಂಬಿದ್ರು ಅಂತ ಗೊತ್ತಾದ್ರೆ ಸಾಕು ಕಣವ್ವ, ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

ಮರುದಿನ ಭಾನುವಾರ ಇಬ್ಬರೂ ಮಾಗಡಿ ಹತ್ತಿರದ ಅಮ್ಮನ ಮನೆಗೆ ಹೋದೆವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಚಿಕ್ಕಮ್ಮ ಹೊಸದಾಗಿ ಶಾಲೆಗೆ ಸೇರುವ ಮಗುವಿನಂತೆ ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ನಾನು ಸಾವನದುರ್ಗದ ಬಂಡೆ ನೋಡುತ್ತ ಕೂತಿದ್ದೆ. ನಮ್ಮಮ್ಮನ ಬಾಯಿಂದ ನಂಬಿದ್ದೆ ಎಂಬ ಮಾತು ಬರಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇಲ್ಲ ಎಂದರೆ ಚಿಕ್ಕಮ್ಮನ ಜೀವ ತಡೆಯುವುದಿಲ್ಲ ಅನ್ನಿಸಿತ್ತು.

ಅಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಂದವರಿಗೂ ಒಂದೊಂದು ಬೊಗಸೆ ಕಾಯಿ ಮುಂದೆ ಸುರಿದಳು. ಸ್ವಲ್ಪ ಹೊತ್ತು ಮೂವರೂ ಸುಲಿದೆವು. ಆಮೇಲೆ ಚಿಕ್ಕಮ್ಮ ತಲೆ ಎತ್ತದೆ ಕೇಳಿದಳು.

"ಅಕ್ಕ, ಅವತ್ತು ನಾನು ಭಾವನ ಹೆಸ್ರು ಹೇಳ್ದಾಗ ನೀನು ನಂಬಿದ್ಯಾ?"

ಅಮ್ಮನ ಕೈ ನಿಂತಿತು. ನನ್ನ ಮುಖ ನೋಡಿದಳು. ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ತಿಳಿಯಿತು. ಸುಳ್ಳು ಹೇಳುತ್ತಾಳೇನೋ ಅಂದುಕೊಂಡೆ. ಹೇಳಲಿಲ್ಲ.

"ನಂಬಿದ್ದೆ ಕಣೆ. ನೀನು ಹೇಳೋಕ್ಕಿಂತ ಮುಂಚೇನೇ ನಂಗೆ ಗೊತ್ತಿತ್ತು." ನನ್ನ ಕಡೆ ಕೈ ತೋರಿಸಿದಳು. "ಹೊಟ್ಟೇಲಿ ಇವಳಿದ್ಲು. ತವರು ಅನ್ನೋದು ಇರ್ಲಿಲ್ಲ. ನಿನ್ನ ಮಾತೇ ನಿಜ ಅಂತಾಗ್ಬುಟ್ಟಿದ್ರೆ ನಾವು ಮೂರು ಜನ ಎಲ್ಲಿಗೆ ಹೋಗ್ಬೇಕಿತ್ತು? ಅದಕ್ಕೇ ಆ ಹೆಸ್ರು ಹೇಳ್ಕೊಟ್ಟೆ. ನನ್ನ ಕ್ಷಮಿಸ್ಬುಡು."

ಚಿಕ್ಕಮ್ಮ ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದಳು. ಆ ಮುಖದಲ್ಲಿ ನೆಮ್ಮದಿ ಹುಡುಕಿದೆ, ಇರಲಿಲ್ಲ. ನಾವಿಬ್ಬರೂ ಏನು ಕೇಳಲು ಹೊರಟಿದ್ದೆವೋ ಅದನ್ನೇ ಅಮ್ಮ ಹೇಳಿದ್ದಳು.

"ನಿಂಗೆ ಗೊತ್ತಿಲ್ಲ ಅಂದ್ಕೊಂಡೇ ಇಷ್ಟು ದಿನ ನಿನ್ನ ಅಕ್ಕ ಅಂದೆ," ಅಂದಳು. "ನಂಬ್ದೇ ಇದ್ದಿದ್ರೇ ಚೆನ್ನಾಗಿತ್ತು ಕಣಕ್ಕ."

ಅಮ್ಮ ಊಟ ಮಾಡಿಕೊಂಡು ಹೋಗು ಎಂದು ಬೀದಿಯವರೆಗೂ ಬಂದು ಅತ್ತು ಕರೆದಳು. ಚಿಕ್ಕಮ್ಮ ತಿರುಗಿ ನೋಡಲಿಲ್ಲ.