ಎಮ್ಮೆಯ ಕಿವಿಯಲ್ಲಿ ಹೇಳಿದ ಸುದ್ದಿ

ಮೊನ್ನೆ ಪಕ್ಕದ ಮನೆಯ ಹುಡುಗಿ ಸ್ಟೀಲಿನ ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು ಗಿಣ್ಣ ತಂದುಕೊಟ್ಟಳು. ಅವರ ಎಮ್ಮೆ ಕರು ಹಾಕಿತ್ತಂತೆ. ತಟ್ಟೆ ಸರಿಸಿದ ಕೂಡಲೇ ಬೆಲ್ಲ, ಏಲಕ್ಕಿ, ಹೊಸ ಹಾಲು ಎಲ್ಲ ಕೂಡಿದ ಆ ಬಿಸಿ ವಾಸನೆ ಮುಖಕ್ಕೆ ಬಂತು. ಈ ವಯಸ್ಸಿನಲ್ಲಿ ಕನ್ನಡಕ ಎಲ್ಲಿಟ್ಟೆ ಎಂಬುದೇ ನನಗೆ ನೆನಪಿರುವುದಿಲ್ಲ. ಆದರೆ ಆ ವಾಸನೆಯ ಹಿಂದೆಯೇ ಬಸ್ತಿ ಆಯಿ ಬಂದು ಎದುರಿಗೆ ನಿಂತಳು. ತಮಾಷೆಯೆಂದರೆ, ಆಯಿ ತನ್ನ ಜೀವಮಾನದಲ್ಲಿ ಒಂದು ಚಮಚ ಗಿಣ್ಣ ತಿಂದವಳಲ್ಲ.

ರಬಕವಿಯಲ್ಲಿ ನನ್ನ ಗಂಡನ ಮನೆಯ ಹಿತ್ತಲಿಗೆ ಹತ್ತಿಕೊಂಡೇ ಅವಳ ಹಿತ್ತಲಿತ್ತು. ಜೈನರ ಬಸ್ತಿಗೆ ಹೋಗುವ ದಾರಿಯ ಮೊದಲ ಮನೆ ಅವಳದು, ಹಾಗಾಗಿ ಇಡೀ ಓಣಿಗೆ ಅವಳು ಬಸ್ತಿ ಆಯಿ. ಬಿಳಿ ಸೀರೆ, ಒಣಕಲು ಮೈ, ಆ ಮೈಗೆ ಸಂಬಂಧವೇ ಇಲ್ಲದಷ್ಟು ದೊಡ್ಡ ದನಿ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳುತ್ತಿದ್ದಳು. ಸೋಸಿದ ಮೇಲೆ ಆ ಬಟ್ಟೆಯನ್ನು ತಿರುವಿ ಹಾಕಿ, ಅದರಲ್ಲಿ ಉಳಿದಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ನೀರಿನ ಸಮೇತ ಬಾವಿಗೇ ಮರಳಿ ಇಳಿಸುತ್ತಿದ್ದಳು. ಇದನ್ನು ಅವರಲ್ಲಿ ಎಲ್ಲರೂ ಮಾಡುತ್ತಿದ್ದರು. ಆದರೆ ಇಳಿಸುವಾಗ “ಹೋಗ್ರಿ, ನಿಮ್ಮ ಮನಿಗೆ ಹೋಗ್ರಿ, ತ್ರಾಸ ಆತು ನಿಮಗ” ಎಂದು ಮಾತಾಡಿಸುತ್ತಿದ್ದವಳು ಇವಳೊಬ್ಬಳೇ. ಇರುವೆಯ ಸಾಲಿಗೂ ಹಾಗೆಯೇ, “ಸ್ವಲ್ಪ ಸರೀರಿ, ಕಾಲಾಗ ಬರಬ್ಯಾಡ್ರಿ”. ಸೊಸೆಯರನ್ನು ಮಾತ್ರ ‘ಬೇ’ ಎಂದೇ ಕರೆಯುತ್ತಿದ್ದಳು. ಆ ಮನೆಯಲ್ಲಿ ಇರುವೆಗಿದ್ದ ಮರ್ಯಾದೆ ಸೊಸೆಯರಿಗಿಲ್ಲ ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಅವಳ ಬಗ್ಗೆ ಇನ್ನೊಂದು ಮಾತೂ ಇತ್ತು. ಎಲ್ಲಿಯಾದರೂ ಒಂದು ಎತ್ತೋ ಆಕಳೋ ನಾಯಿಯೋ ಸಾಯಲು ಮಲಗಿತೆಂದರೆ ಆಯಿಯನ್ನು ಕರೆಯುತ್ತಿದ್ದರು. ಆಕೆ ಬಂದು ಅದರ ಕಿವಿಯ ಹತ್ತಿರ ಬಾಗಿ ತಮ್ಮ ಪಂಚನಮಸ್ಕಾರ ಮಂತ್ರವನ್ನು ಮೆಲ್ಲಗೆ ಹೇಳುತ್ತಿದ್ದಳು. ಒದ್ದಾಡುತ್ತಿದ್ದ ಜೀವ ಶಾಂತವಾಗುತ್ತಿತ್ತು, ಉಸಿರು ಹಗುರಾಗಿ ನಿಲ್ಲುತ್ತಿತ್ತು. ಜೈನರಷ್ಟೇ ಅಲ್ಲ, ನಮ್ಮಂಥ ಮಗ್ಗದ ಮನೆಯವರೂ ಕರೆಯುತ್ತಿದ್ದರು. ಆದರೆ ಜನರ ಬುದ್ಧಿ ನೋಡಿ… ಸಾಯುವ ದನದ ಕಿವಿಯಲ್ಲಿ ಆಯಿ ಹೇಳುತ್ತಾಳೆ ಎಂಬುದು ಬಾಯಿಂದ ಬಾಯಿಗೆ ಹೋಗುತ್ತ, ಆಯಿ ಕಿವಿಯಲ್ಲಿ ಹೇಳಿದ ದನ ಸಾಯುತ್ತದೆ ಎಂದಾಗಿಬಿಟ್ಟಿತ್ತು. ಆಕೆ ಸಂತೆಯ ಕಡೆ ಹೊರಟರೆ ದನದ ವ್ಯಾಪಾರಿಗಳು ತಮ್ಮ ಹೋರಿಗಳ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು.

ನಾನು ಆ ಮನೆಗೆ ಬಂದದ್ದು ಲೋಕಾಪುರದಿಂದ. ನಮ್ಮಪ್ಪ ಬಳುವಳಿಯಾಗಿ ನನ್ನ ಜೊತೆ ಒಂದು ಗಬ್ಬದ ಎಮ್ಮೆಯನ್ನು ಹೊಡೆದುಕೊಟ್ಟಿದ್ದ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದರಿಂದ ಅದರ ಹೆಸರು ಚಂದ್ರಿ. ಅದು ಕರುವಾಗಿದ್ದಾಗ ನನ್ನ ಪರಕಾರದ, ಅಂದರೆ ಲಂಗದ, ಅಂಚು ಜಗಿದು ಜಗಿದೇ ದೊಡ್ಡದಾದದ್ದು. ಪಾಪ, ಘಟಪ್ರಭೆ ದಾಟಿ, ಮುಧೋಳ, ಮಹಾಲಿಂಗಪುರ ಹಿಡಿದು, ಒಬ್ಬ ರಾಜನ ಸೀಮೆಯಿಂದ ಇನ್ನೊಬ್ಬ ರಾಜನ ಸೀಮೆಗೆ ನಡೆದು ಬಂತು. ನಾನು ಚಕ್ಕಡಿಯಲ್ಲಿ ಕುಳಿತು ಬಂದೆ. ಇಬ್ಬರಲ್ಲಿ ಹೆಚ್ಚು ಹಿಂದೆ ಹಿಂದೆ ನೋಡಿದವರು ಯಾರು ಎಂದು ಕೇಳಿದರೆ ಹೇಳುವುದು ಕಷ್ಟ.

ಬಂದ ಕೆಲವೇ ದಿನಕ್ಕೆ ಚಂದ್ರಿ ಕರು ಹಾಕಿತು. ಅದಕ್ಕೆ ಮೊದಲ ಸೂಲು. ಕರುವನ್ನು ನೆಕ್ಕಲಿಲ್ಲ, ಹತ್ತಿರ ಬಿಟ್ಟರೆ ಒದೆಯಿತು. ಅತ್ತೆ ತಂಬಿಗೆ ಹಿಡಿದು ಕುಳಿತರೆ ತಂಬಿಗೆ ಒಂದು ಕಡೆ, ಅತ್ತೆ ಒಂದು ಕಡೆ. ಹಿಂಡಿ ಇಟ್ಟರೂ ಮೂಸಲಿಲ್ಲ. ಲೋಕಾಪುರವಿದ್ದ ತೆಂಕಣ ದಿಕ್ಕಿಗೆ ಮುಖ ಮಾಡಿ ಒದರುತ್ತ ನಿಂತುಬಿಟ್ಟಿತು. ಬೇರೆಯವರ ಮನೆಯ ಹಾಲು ತಂದು ಬಿದಿರಿನ ಗೊಟ್ಟದಲ್ಲಿ ಕುಡಿಸಿದರೂ ಕರು ಗಂಟಲಿಗೆ ಇಳಿಸದೆ ಕತ್ತು ಚೆಲ್ಲಿ ಮಲಗಿತ್ತು. ಅದರ ಪಕ್ಕೆಲುಬು ಏರುವುದನ್ನು, ಇಳಿಯುವುದನ್ನು ನೋಡುತ್ತ ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ಅಳುತ್ತಿದ್ದೆ. ಓಣಿಯ ಹೆಂಗಸರು “ಗಿಣ್ಣ ಯಾವಾಗ?” ಎಂದು ಕೇಳಿ ಕೇಳಿ ಹೋಗುತ್ತಿದ್ದರು. ಕೊನೆಗೆ ಅತ್ತೆ ತೀರ್ಪು ಕೊಟ್ಟರು.

“ಕರ ಅಂತೂ ಉಳಿಯೂದಿಲ್ಲ. ನಾಳಿಗಿ ಎಮ್ಮಿನ ಹೊಳ್ಳಿ ಲೋಕಾಪುರಕ್ಕ ಹೊಡೀರಿ. ಒದಿಯೋ ಎಮ್ಮಿ ಕಟಗೊಂಡು ನಾ ಏನ ಮಾಡ್ಲಿ?”

ತವರಿನಿಂದ ಬಂದ ಎಮ್ಮೆ ಅದೇ ದಾರಿಯಲ್ಲಿ ವಾಪಸು ಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮುಂದೆ ಎಮ್ಮೆ, ಹಿಂದೆ ನಾಲಗೆಗಳು. ಅದಕ್ಕಿಂತ ಹೆಚ್ಚಾಗಿ, ಆ ಊರಿನಲ್ಲಿ ನನ್ನ ಮುಖದ ಗುರುತಿದ್ದದ್ದು ಆ ಎಮ್ಮೆಯೊಂದಕ್ಕೇ. ಸೆರಗು ಕಣ್ಣಿನವರೆಗೆ ಎಳೆದುಕೊಂಡಿದ್ದ ನನ್ನನ್ನು ಗಂಡನೂ ಸರಿಯಾಗಿ ನೋಡಿರಲಿಲ್ಲ. ಹಿರಿಯರ ಎದುರು ‘ಹ್ಞೂಂ’, ‘ಉಹ್ಞೂಂ’ ಬಿಟ್ಟು ನಾನು ಒಂದು ಮಾತು ಆಡಿರಲಿಲ್ಲ. ಅದು ಹೋದರೆ ನಾನು ಯಾರೆಂದು ಹೇಳುವವರೇ ಅಲ್ಲಿ ಉಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಹಿತ್ತಲ ಗೋಡೆಯ ಸಂದಿನಿಂದ ಆಯಿ ಬಂದಳು. ನನ್ನನ್ನು ನೋಡಿದಳು, ಚಂದ್ರಿಯನ್ನು ನೋಡಿದಳು. ಸೀದಾ ಹೋಗಿ ಚಂದ್ರಿಯ ಕಿವಿಯ ಹತ್ತಿರ ಬಾಗಿದಳು.

ಅದೇ ಗಳಿಗೆಗೆ ಅತ್ತೆ ಸಗಣಿಯ ಬುಟ್ಟಿ ಎತ್ತಲು ಬರಬೇಕೆ! “ಅಯ್ಯಯ್ಯೋ! ಆಯಿ ಕಿವ್ಯಾಗ ಹೇಳಿಬಿಟ್ರಪ್ಪೋ! ಎಮ್ಮಿ ಹೋತು!” ಎಂದು ಆಕೆ ಕೂಗಿದ ಕೂಗಿಗೆ ಮಾವ ಮಗ್ಗದ ಕುಣಿಯಿಂದ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಹಾರಿ ಬಂದರು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಎದುರು ಮನೆಯ ಅತ್ತಿಗೆಯೊಬ್ಬಳು ಬಂದವಳೇ ನೆಲಕ್ಕೆ ಕುಳಿತು, ಚಂದ್ರಿಯ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅಳತೊಡಗಿದಳು. ಆಕೆ ಆ ಎಮ್ಮೆಯನ್ನು ನೋಡಿದ್ದೇ ಅಂದು. ಚಂದ್ರಿ ಒದರುವುದನ್ನು ಬಿಟ್ಟು, ತನಗಾಗಿ ಅಳುತ್ತಿರುವವಳನ್ನು ಕಿವಿ ಅಲ್ಲಾಡಿಸುತ್ತ ನೋಡಿತು.

“ಯಾಕ ಅಳ್ತಿ ಬೇ? ಸತ್ತಿಲ್ಲದು, ನಿನ್ನ ನೋಡಾಕತ್ತೈತಿ” ಎಂದಳು ಆಯಿ.

“ಮತ್ತ ಮಂತ್ರ ಹೇಳಿದ್ರಲ್ಲರಿ!” ಎಂದರು ಅತ್ತೆ.

“ಮಂತ್ರ ಎಲ್ಲೀದು? ಸುದ್ದಿ ಹೇಳಾಕತ್ತಿದ್ದೆ. ಇಷ್ಟ ದಿನ ಆತು, ಇನ್ನ ಮ್ಯಾಲೆ ಇದ ನಿನ್ನ ಮನಿ ಅಂತ ಯಾರರ ಅದಕ್ಕ ಹೇಳೀರೇನು? ಸೊಸಿಗೆ ಅಕ್ಕಿಕಾಳು ಹಾಕಿ, ಆರತಿ ಎತ್ತಿ ಕರಕೊಂಡ್ರಿ. ಇದನ್ನ ಸುಮ್ಮ ಗೂಟಕ್ಕ ಕಟ್ಟಿದ್ರಿ.”

“ಕ್ವಾಣನ ಮುಂದ ಕಿನ್ನರಿ ಬಾರಿಸಿಧಂಗ ಆತಿದು” ಎಂದು ಅತ್ತೆ ಗೊಣಗಿದರು. ಆಯಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕೈ ಹಿಡಿದು ಎಳೆದು ಚಂದ್ರಿಯ ಮುಂದೆ ನಿಲ್ಲಿಸಿದಳು. “ನೀ ಹೇಳು ಬೇ. ನನ್ನ ದನಿ ಅದಕ್ಕ ಹೊಸಾದು, ನಿಂದು ಗೊತ್ತೈತಿ. ಖರೆ ಹೇಳು ಮತ್ತ. ಸುಳ್ಳು ಹೇಳಿದ್ರ ದನಕ್ಕ ತಿಳೀತೈತಿ.”

ಇಡೀ ಓಣಿ ನಿಂತಿತ್ತು. ನನ್ನ ಗಂಡನೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಸೆರಗು ಸರಿಸಿ ಚಂದ್ರಿಯ ಕಿವಿಗೆ ಬಾಯಿ ಹಚ್ಚಿದೆ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ಆದರೆ ಅಷ್ಟು ದಿನ ಆಡದೆ ಕೂಡಿಟ್ಟದ್ದು ನನ್ನ ಮಾತು ಕೇಳೀತೆ? ಚಂದ್ರಿ, ಅಪ್ಪ ಬರೂದಿಲ್ಲ, ನಾವಿಬ್ಬರೂ ಇಲ್ಲೇ ಇರೋರು ಎಂದೆ. ಇಲ್ಲಿಯ ನೀರು ಸಪ್ಪೆ, ಆದರೆ ರೂಢಿಯಾಗುತ್ತದೆ ಎಂದೆ. ಅತ್ತೆಯ ಬಾಯಿ ಮೆಣಸಿನಕಾಯಿ, ಆದರೆ ರಾತ್ರಿ ನಾನು ಉಣ್ಣದೆ ಮಲಗಿದರೆ ತಲೆದಿಂಬಿನ ಹತ್ತಿರ ರೊಟ್ಟಿ ಇಟ್ಟು ಹೋಗುತ್ತಾರೆ ಎಂದೆ. ಮಾವ ಮಗ್ಗದ ಮುಂದೆ ಕುಳಿತು ಬೇಸುರಾಗಿ ಹಾಡುತ್ತಾರೆ ಎಂದೂ ಹೇಳಿಬಿಟ್ಟೆ. ಇನ್ನೊಬ್ಬರಿದ್ದಾರೆ, ಅವರು ನನ್ನನ್ನು ನೋಡುವುದೇ ಇಲ್ಲ, ನಾನು ಮಾತ್ರ ಕದ್ದು ನೋಡಿದ್ದೇನೆ, ಛಲೋ ಇದ್ದಾರೆ ಎಂದೆ…

ಯಾರೋ ಕಿಸಕ್ಕನೆ ನಕ್ಕರು. ಆಗಲೇ ನನಗೆ ಎಚ್ಚರವಾದದ್ದು. ಚೌಕಟ್ಟಿನಲ್ಲಿ ನೋಡಿದರೆ ಗಂಡ ಇಲ್ಲ. ಒಳಗೆ ಓಡಿದ್ದರು. ಹೊಸ ಸೊಸೆಯ ದನಿಯನ್ನು ಊರು ಮೊದಲ ಸಲ ಕೇಳಿದ್ದು ಹೀಗೆ, ಎಮ್ಮೆಯ ಜೊತೆ ಮಾತಾಡುವಾಗ.

ಚಂದ್ರಿ ಮಾತ್ರ ನಗಲಿಲ್ಲ. ಒಂದು ದೀರ್ಘ ಉಸಿರು ಬಿಟ್ಟಿತು. ಆ ಬಿಸಿ ಉಸಿರು ನನ್ನ ಕೈಗೆಲ್ಲ ತಾಗಿತು. ನನ್ನ ಸೆರಗಿನ ತುದಿಯನ್ನು ಮೂಸಿ, ಹಿಂದೆ ಪರಕಾರ ಜಗಿಯುತ್ತಿದ್ದ ಹಾಗೆಯೇ ಬಾಯಿಗೆ ಹಾಕಿಕೊಂಡಿತು. ಆಯಿ ಕರುವನ್ನು ಎತ್ತಿ ತಂದು ಅದರ ಮುಂದೆ ಮಲಗಿಸಿದಳು. ಚಂದ್ರಿ ಸೆರಗು ಬಿಟ್ಟಿತು. ಕರುವಿನ ಬೆನ್ನನ್ನು ಒಮ್ಮೆ ನೆಕ್ಕಿತು, ಇನ್ನೊಮ್ಮೆ ನೆಕ್ಕಿತು, ಆಮೇಲೆ ನಿಲ್ಲಿಸಲೇ ಇಲ್ಲ. ಕರು ತೂರಾಡುತ್ತ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು, ಅದರ ಕಟವಾಯಿಯಿಂದ ಹಾಲು ನೆಲಕ್ಕೆ ತೊಟ್ಟಿಕ್ಕಿತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಎಂಬ ಗಾದೆ ಮಾಡಿದ ಪುಣ್ಯಾತ್ಮ ಎಮ್ಮೆಯನ್ನು ಸಾಕಿದವನಲ್ಲ ಎಂದು ನನಗೆ ಅಂದೇ ಖಾತ್ರಿಯಾಯಿತು.

ಅತ್ತೆ ಕರು ಕುಡಿಯುವುದನ್ನು ನೋಡುತ್ತ ಹತ್ತಿರ ಬಂದರು. ಆಮೇಲೆ, “ಕರ ಕುಡದ ಮ್ಯಾಲೆ ಚರಗಿ ತಾ ಬೇ. ಮೆಣಸಿನಕಾಯಿ ಅಂತ ಮೆಣಸಿನಕಾಯಿ…” ಎಂದು ನನ್ನ ತಲೆಗೆ ಮೊಟಕಿದರು. ಮೊಟಕಿದ ಕೈಯನ್ನು ತಲೆಯ ಮೇಲಿಂದ ತಟ್ಟನೆ ತೆಗೆಯಲಿಲ್ಲ. ಲೋಕಾಪುರದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮರುದಿನ ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದೆವು. ಎಮ್ಮೆಗಾಗಿ ಅತ್ತ ಎದುರು ಮನೆಯ ಅತ್ತಿಗೆಗೆ ಮಾವ ಬೇಕೆಂದೇ ದೊಡ್ಡ ಬಟ್ಟಲು ಕಳಿಸಿದರು. ಆಯಿಯ ಪಾಲನ್ನು ನಾನೇ ಒಯ್ದೆ. ಅವಳು ಕೈ ಅಡ್ಡ ಹಿಡಿದಳು. “ಅದು ಕರದ ಪಾಲು, ನಾವು ತಿನ್ನೂದಿಲ್ಲವ್ವ.” ನನ್ನ ಮುಖ ಸಣ್ಣಗಾದದ್ದನ್ನು ಕಂಡಳೋ ಏನೋ, ಬಟ್ಟಲನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. “ವಾಸನಿ ತಗೊಂಡ್ರ ಪಾಪ ಇಲ್ಲ ನೋಡು” ಎಂದು ನಕ್ಕಳು. ಅವಳ ನಗೆಗೆ ಹಲ್ಲು ಕಡಿಮೆ, ಸದ್ದು ಹೆಚ್ಚು.

ಆಮೇಲೆ ನಮ್ಮ ಮನೆಯಲ್ಲಿ ಏನೇ ನಡೆದರೂ ಮೊದಲು ಚಂದ್ರಿಗೆ ಹೇಳುವುದು ರೂಢಿಯಾಯಿತು. ಮಗಳು ಹುಟ್ಟಿದಾಗ ಹೇಳಿದೆ, ಮಾವ ತೀರಿಕೊಂಡಾಗಲೂ ಹೇಳಿದೆ. ಗಂಡ ಮೊದಮೊದಲು ಗೇಲಿ ಮಾಡುತ್ತಿದ್ದರು. ಆಮೇಲೆ ಒಂದು ದಿನ, ನೇಯ್ದ ಸೀರೆಗೆ ಒಳ್ಳೆಯ ಬೆಲೆ ಬಂದಾಗ, ಅವರೇ ಕೊಟ್ಟಿಗೆಯಲ್ಲಿ ಬಾಗಿ ನಿಂತದ್ದನ್ನು ನಾನು ಕಂಡೆ. ಸಂಸ್ಥಾನಗಳು ಹೋಗಿ ಎಲ್ಲ ಒಂದೇ ಸರ್ಕಾರವಾದಾಗ ಆಯಿ ಗೋಡೆಯಾಚೆಯಿಂದಲೇ ಕೂಗಿದ್ದಳು: “ರಾಜರು ಹ್ವಾದ್ರು ಅಂತ ಎಮ್ಮಿಗೆ ಹೇಳಿದಿ ಏನ ಬೇ? ಇನ್ನ ಲೋಕಾಪುರನೂ ಅದರದ, ರಬಕವಿನೂ ಅದರದ!”

ಅದಾದ ಕೆಲವು ತಿಂಗಳಿಗೆ ಆಯಿ ಹಾಸಿಗೆ ಹಿಡಿದಳು. ತಮ್ಮ ಧರ್ಮದಂತೆ ಅನ್ನ ಬಿಟ್ಟಳು, ಆಮೇಲೆ ಹಾಲನ್ನೂ ಬಿಟ್ಟಳು. ಅವರ ಹೆಂಗಸರು ಸುತ್ತ ಕುಳಿತು ಒಬ್ಬರಾದ ಮೇಲೊಬ್ಬರು ಕಿವಿಯಲ್ಲಿ ಮಂತ್ರ ಹೇಳುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಆಯಿ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು. ನನಗೆ ಮಂತ್ರ ಬರುತ್ತಿರಲಿಲ್ಲ. ಬಾಗಿ, ಬರುತ್ತಿದ್ದುದನ್ನೇ ಹೇಳಿದೆ: “ಆಯಿ, ಚಂದ್ರಿ ಮಗಳು ಕರ ಹಾಕ್ಯಾಳ. ಹೆಣ್ಣಕರ. ಕರ ಕುಡದು ಜಿಗದಾಡಾಕತ್ತೈತಿ.”

ಆಯಿಯ ಮುಖದಲ್ಲಿ ನಗೆ ಕಂಡಿತು. ನಾನು ಗಿಣ್ಣದ ಒಲೆಯ ಮುಂದಿನಿಂದ ಹಾಗೆಯೇ ಎದ್ದು ಬಂದಿದ್ದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಎಳೆದು ಮೂಗಿನ ಹತ್ತಿರ ಇಟ್ಟುಕೊಂಡಳು. ಬೆರಳಲ್ಲಿ ಏಲಕ್ಕಿಯ ವಾಸನೆ ಇತ್ತು…

ಈಗ ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ಕೊಟ್ಟಿಗೆ ಇದ್ದ ಕಡೆ ಮಗ್ಗಗಳು ಕರೆಂಟಿನಿಂದ ಓಡುತ್ತವೆ. ಒಳ್ಳೆಯ ಸುದ್ದಿ ಬಂದಾಗ ಮೊದಲು ಯಾರ ಕಿವಿಗೆ ಹೇಳಬೇಕೋ ತಿಳಿಯದೆ ಒಂದು ಗಳಿಗೆ ತಬ್ಬಿಬ್ಬಾಗುತ್ತೇನೆ. ಆಯಿ ಹೋದದ್ದು ಆಗೆಲ್ಲ ಮತ್ತೆ ಹೊಸದಾಗಿ ಗೊತ್ತಾಗುತ್ತದೆ.

ಮೊನ್ನೆಯ ಗಿಣ್ಣ ಆರುತ್ತಿತ್ತು. “ತಿನ್ರಿ ಅಜ್ಜಿ, ಯಾಕ ಹಂಗ ಕುಂತೀರಿ?” ಎಂದಳು ಹುಡುಗಿ. ತಡಿಯವ್ವ ಎಂದೆ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದೆ. ಅದು ಆಯಿಯ ಪಾಲು. ಅವಳದಾದ ಮೇಲೆ ನಾನು ಚಮಚ ಎತ್ತಿಕೊಂಡೆ.